ಬುಜ್ಜಿಯನ್ನು ಉರುಳಿಸಿದ ದಿನ

೧೯೮೮ರಲ್ಲಿ ನಾನು ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ಆಚೆ, ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ. ನನ್ನೂರು ನಂಜನಗೂಡಿನ ಕಡೆ. ತೆಲುಗು ಬಾರದು, ಬಾರದೆಂದು ಒಪ್ಪಿಕೊಳ್ಳುವ ಬುದ್ಧಿಯೂ ಆಗ ಇರಲಿಲ್ಲ. ಅಲ್ಲಿನವರು ಮನೆಯೊಳಗೆ ತೆಲುಗು, ನನ್ನೆದುರು ಕನ್ನಡ ಆಡುತ್ತಿದ್ದರು. ಕೆಲಸಕ್ಕೆ ಅಷ್ಟು ಸಾಕು ಅಂದುಕೊಂಡಿದ್ದೆ.

ಹಸುಗಳು ಕರು ಹಾಕುವ ತಿಂಗಳುಗಳಲ್ಲಿ ನಮಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಅಂಥ ಒಂದು ಬೆಳಿಗ್ಗೆ ಪಕ್ಕದ ಊರಿನ ಮುನಿಯಪ್ಪ ಏದುಸಿರು ಬಿಡುತ್ತಾ ಬಂದ. ಶಿಡ್ಲಘಟ್ಟದಲ್ಲಿ ವರ್ಷಗಟ್ಟಲೆ ರೇಷ್ಮೆ ನೂಲು ತೆಗೆದು, ಆ ಹೊಗೆ, ಆವಿಗೆ ದಮ್ಮು ಹತ್ತಿಸಿಕೊಂಡು ಊರಿಗೆ ಮರಳಿದ್ದವನು. ಭಾರದ ಕೆಲಸ ಕೈಲಾಗದು. ಬುಜ್ಜಿ ಎಂಬ ಕಡಸು ಕರು ಹಾಕಿದರೆ ಡೇರಿಗೆ ಹಾಲು ಹಾಕಿಕೊಂಡು, ಮನೆಯಲ್ಲೂ ಊರಲ್ಲೂ ಮತ್ತೆ ಒಬ್ಬ ಗಂಡಸಾಗಿ ತಲೆ ಎತ್ತಬಹುದೆಂದು ಕಾಯುತ್ತಿದ್ದ.

"ನಿನ್ನೆಯಿಂದ ನೋವ್ ತಿಂತಾ ಐತೆ ಸಾರ್. ನೀರ್ ಚೀಲ ಇನ್ನೂ ಕಂಡಿಲ್ಲ," ಅಂದ.

ಹೋಗಿ ಕೈ ಹಾಕಿ ನೋಡಿದೆ. ಯುಟರೈನ್ ಟಾರ್ಷನ್. ಅಂದರೆ ಗರ್ಭಕೋಶ ಕರುವಿನ ಸಮೇತ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡುಬಿಡುವುದು. ಬುಜ್ಜಿಯದು ಬಲಕ್ಕೆ ತಿರುಗಿತ್ತು. ಹಸುವನ್ನು ಕೆಡವಿ, ಹೊಟ್ಟೆಯ ಮೇಲೆ ಹಲಗೆ ಒತ್ತಿಹಿಡಿದು, ಗರ್ಭ ತಿರುಗಿದ ದಿಕ್ಕಿಗೇ ಮೈಯನ್ನು ಬೇಗ ಉರುಳಿಸಿದರೆ ತಿರುಚು ಬಿಚ್ಚುತ್ತದೆ. ದಿಕ್ಕು ತಪ್ಪಿದರೆ ಇನ್ನೂ ಬಿಗಿಯುತ್ತದೆ. ಒಳಗೆ ಕರುವಿನ ಕಾಲನ್ನು ಚಿವುಟಿದೆ, ಎಳೆದುಕೊಂಡಿತು. ಜೀವ ಇತ್ತು!

ಕಾಂಪೌಂಡರ್ ಬಾಷಾನನ್ನು ಗ್ಲೂಕೋಸ್ ಬಾಟಲಿ ತರಲು ಆಸ್ಪತ್ರೆಗೆ ಓಡಿಸಿದೆ. ಊರಿನ ಐದಾರು ಜನ ಹಗ್ಗ ಹಿಡಿದರು. ಮುನಿಯಪ್ಪನೂ ಬಂದ.

"ನಿಂಗ್ಯಾಕೆ? ಕೆಮ್ಕೊಂಡು ಒಂದು ಕಡೆ ಕೂತ್ಕೋ," ಎಂದು ಹೆಂಡತಿ ವೆಂಕಟಮ್ಮ ಗದರಿದಳು. ಅವನು ಹಗ್ಗ ಬಿಡಲಿಲ್ಲ.

ಮೊದಲ ಸಲ ಕೈಸನ್ನೆ ಮಾಡಿ ತೋರಿಸಿದೆ, ಸರಿಯಾಗಿಯೇ ಉರುಳಿಸಿದರು. ನಾನು ಹಿಂದೆ ಸಗಣಿಯಲ್ಲೇ ಬೋರಲು ಮಲಗಿ ಭುಜದವರೆಗೆ ಕೈ ಹಾಕಿದೆ. ಅರ್ಧ ಬಿಚ್ಚಿತ್ತು. ಅದೇ ಕಡೆಗೆ ಇನ್ನೊಂದು ಉರುಳು ಆಗಿದ್ದರೆ ಕರು ಹೊರಗೆ. ಕೈ ತೆಗೆಯದೆ, ಮುಖ ಎತ್ತದೆ ಕೂಗಿದೆ: "ಬಲ! ಬಲ!"

"ಬಲಂಗಾ ಲಾಗಂಡ್ರಾ!" ಎಂದು ಮುನಿಯಪ್ಪ ಎಲ್ಲರಿಗೂ ಕೂಗಿದ್ದು ಕೇಳಿಸಿತು. ಸದ್ಯ, ಅರ್ಥವಾಯಿತಲ್ಲ ಅಂದುಕೊಂಡೆ. ಮರುಕ್ಷಣವೇ ಹಸು ಬಂದ ದಾರಿಯಲ್ಲೇ ಎಡಕ್ಕೆ ಉರುಳಿತು. ಒಳಗೆ ನನ್ನ ಮಣಿಕಟ್ಟು ಮುರಿಯುವಷ್ಟು ಬಿಗಿಯಿತು, ಆಮೇಲೆ ಏನೋ ಹರಿದು ಬಿಸಿ ರಕ್ತ ತೋಳಿನುದ್ದಕ್ಕೂ ಇಳಿಯಿತು. ಗರ್ಭಕೋಶ ಒಡೆದಿತ್ತು. ಹೊಟ್ಟೆ ಕೊಯ್ದು ಕರು ತೆಗೆದೆ; ಸತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬುಜ್ಜಿಯೂ ಹೋಯಿತು.

ವೆಂಕಟಮ್ಮ ಎದೆ ಬಡಿದುಕೊಂಡಳು. "ಸಾರು ಬಲ ಬಲ ಅಂತ ಬಾಯ್ ಬಡ್ಕೊಂಡ್ರು. ಈವಪ್ಪನ ಕೈಲಿ ಬಲ ಎಲ್ಲೈತೆ? ಇವ್ನು ಹಗ್ಗ ಮುಟ್ಟದಿದ್ರೆ ನನ್ನ ಹಸು ಉಳೀತಿತ್ತು!"

ಮುನಿಯಪ್ಪ ಬುಜ್ಜಿಯ ಕಾಲಿನ ಹಗ್ಗ ಬಿಚ್ಚಿ ಸುತ್ತಿಟ್ಟ.

ವಾಪಸ್ಸು ಬರುವಾಗ ಮೊಪೆಡ್ ಮೇಲೆ ಕೇಳಿದೆ: "ಬಾಷಾ, ತೆಲುಗಲ್ಲಿ ಬಲ ಅಂದ್ರೆ ಏನಯ್ಯ?"

"ಶಕ್ತಿ ಸಾರ್. ಬಲಗಡೆಗೆ ಇಲ್ಲಿ 'ಕುಡಿ' ಅಂತಾರಲ್ಲ."

ನಾನು ಹೇಳಿದ್ದು ದಿಕ್ಕು. ಅವರು ಜೋರಾಗಿ ಎಳೆಯಿರಿ ಎಂದು ತಿಳಿದು, ಯಾವ ಕಡೆಗೆ ಎಂದು ನೋಡದೆ, ಕೈಯಲ್ಲಿದ್ದ ಹಗ್ಗವನ್ನು ತಾವು ನಿಂತಿದ್ದ ಎಡಗಡೆಗೇ ಇದ್ದಬದ್ದ ಕಸುವೆಲ್ಲ ಹಾಕಿ ಜಗ್ಗಿದ್ದರು.

"ಗಾಡಿ ತಿರುಗಿಸ್ಲಾ ಸಾರ್? ಹೇಳಿ ಬರೋಣ," ಎಂದ ಬಾಷಾ.

"ನಾಳೆ ನೋಡೋಣ," ಎಂದೆ. ಅಂಥ ಹೇಡಿ ನಾನು.

ಆಮೇಲೆ ಗೌರಿಬಿದನೂರಿಗೆ ವರ್ಗವಾಗಿ ಹೋದ ಮೇಲೂ ಎಡ, ಬಲ ಎಂಬ ಮಾತನ್ನು ಹಸುವಿನ ಹತ್ತಿರ ಆಡಲಿಲ್ಲ. 'ಗೋಡೆ ಕಡೆ', 'ಬಾವಿ ಕಡೆ' ಎಂದು ಹೇಳಿ, ಹಗ್ಗ ಹಿಡಿದವರಿಂದ ಅದನ್ನೇ ಮತ್ತೆ ಹೇಳಿಸಿದೆ. ನಾವು ಕೂಗಿದ್ದು ಮುಖ್ಯವಲ್ಲ, ಅವರಿಗೆ ಕೇಳಿಸಿದ್ದೇನು ಎಂಬುದು ಮುಖ್ಯ ಎಂದು ಹೊಸ ವೈದ್ಯರಿಗೂ ಕಲಿಸಿದೆ. ಅವರೆಲ್ಲ ನನ್ನನ್ನು ಹೊಗಳಿದರು.

ಆದರೆ ಬುಜ್ಜಿ ಸತ್ತ ತಿಂಗಳಿಗೇ ಲಸಿಕೆ ಹಾಕಲು ಅದೇ ಊರಿಗೆ ಹೋಗಿದ್ದೆ. ಹೇಳಿಬಿಡಬೇಕೆಂದೇ ಹೋದದ್ದು. ಒಂದು ಎತ್ತು ಕೊಸರಾಡಿತು. ಪಕ್ಕದಲ್ಲಿದ್ದ ಮುನಿಯಪ್ಪ ಹಗ್ಗಕ್ಕೆ ಕೈ ಚಾಚಿ, ತಕ್ಷಣ ಹಿಂದೆ ತೆಗೆದುಕೊಂಡ.

"ಬ್ಯಾಡ ಸಾರ್. ಬಲ ಇರೋವ್ರು ಯಾರಾನ ಹಿಡ್ಕೊಳ್ಲಿ."

ಊರೆಲ್ಲ ನಿಂತಿತ್ತು. ನಾನು ಸಿರಿಂಜಿಗೆ ಔಷಧಿ ಎಳೆದುಕೊಂಡು ಮುಂದಿನ ದನದ ಹತ್ತಿರ ಹೋದೆ.