ಮುಖವಿಲ್ಲದ ಕುರಿಗಾರ

ಚಿತ್ರದ ಮುಂದೆ ನಿಂತ ವಿದ್ಯಾವಂತನು ಮೊದಲು ಮಾಡುವ ಕೆಲಸವೆಂದರೆ ಎರಡು ಹೆಜ್ಜೆ ಹಿಂದೆ ಸರಿದು ಗದ್ದ ಹಿಡಿದುಕೊಳ್ಳುವುದು. ಅರ್ಥವಾಗದ್ದೆಲ್ಲ ಆಳವಾದದ್ದೆಂಬ ಈ ಭಕ್ತಿಪಂಥಕ್ಕೆ ವಿಶ್ವವಿದ್ಯಾಲಯದಲ್ಲಿ ನನಗೂ ದೀಕ್ಷೆಯಾಗಿತ್ತು.

ಎಪ್ಪತ್ತೊಂಬತ್ತನೇ ಇಸವಿ ಇರಬೇಕು, ಎಂಬತ್ತೊಂದೂ ಇರಬಹುದು, ನನ್ನ ನೆನಪಿನ ಮಾತನ್ನು ನೀವು ಪೂರ್ತಿ ನಂಬಬೇಡಿ. ರಾಯಚೂರಿನ ಶಾಲೆಯೊಂದರ ಹಾಲ್‌ನಲ್ಲಿ ಮಾನ್ವಿಯ ಡ್ರಾಯಿಂಗ್ ಮಾಸ್ತರ ಭೀಮಣ್ಣನ ಚಿತ್ರಗಳನ್ನು ತೂಗುಹಾಕಿದ್ದರು. ರೈಸ್‌ಮಿಲ್ಲಿನ ಸಾಹುಕಾರರೆಲ್ಲ ಬಣ್ಣದ ಶಿವನ ಚಿತ್ರದ ಮುಂದೆ ನೆರೆದಿದ್ದರು. ಅವರ ರಸಿಕತೆ ಶಿವನ ನೀಲಿಯಿಂದಾಚೆ ಹೋಗಿದ್ದನ್ನು ನಾನು ಕಂಡಿಲ್ಲ. ಮೂಲೆಯಲ್ಲಿ ಕಪ್ಪು ಶಾಯಿಯಲ್ಲಿ ಬರೆದ, ಕಂಬಳಿ ಹೊದ್ದ ಒಂದು ಮನುಷ್ಯಾಕೃತಿ: ಹತ್ತು ಹನ್ನೆರಡು ಗೆರೆ, ಒಂದು ಕೋಲು, ಒಂದೇ ಕಾಲು, ಮುಖದ ಜಾಗದಲ್ಲಿ ಬರಿಯ ಕಾಗದ.

“ನಮ್ಮಪ್ಪ ರೀ ಸರ,” ಎಂದ ಭೀಮಣ್ಣ. “ನಾ ಸಣ್ಣಾಂವ ಇದ್ದಾಗ ಸತ್ತ. ಒಂದ್ ಫೋಟೋನೂ ಇಲ್ಲ, ಮಾರಿ ನೆನಪಿಲ್ಲ. ನಮ್ಮವ್ವ ಊರಿಂದ ಜಾಲಹಳ್ಳಿ ಬಸ್ಸಿಗೆ ಬರಾಕತ್ತಾಳ. ಆಕಿ ಗುರುತು ಹಿಡದ್ರ ಸಾಕು, ಇಲ್ಲಂದ್ರ ಹರದು ಒಗದುಬಿಡ್ತೀನ್ರಿ.”

“ಮಾರೀನ ಇಲ್ಲ, ಹೆಂಗ ಗುರುತು ಹಿಡಿತಾಳ ಮಾಸ್ತರ? ಇಂವ ಕಾಲು ಕಳಕೊಂಡ ಆಧುನಿಕ ಮಾನವ. ಹಂಗಂತ ಚೀಟಿ ಬರದು ಕೆಳಗ ಹಚ್ಚು,” ಎಂದೆ. ಪಾಪ, ಓದಿದವನ ಮಾತೆಂದು ಬರೆದು ಹಚ್ಚಿಯೇಬಿಟ್ಟ. ಅವನ ಮುಖ ಇಳಿದದ್ದನ್ನು ನಾನು ವಿನಯವೆಂದುಕೊಂಡೆ.

ಮುದುಕಿ ಬಂದಳು. ಅಕ್ಷರ ಬಾರದ ಪುಣ್ಯವಂತೆ, ನನ್ನ ಚೀಟಿಯನ್ನು ದಾಟಿ ನೇರ ಚಿತ್ರಕ್ಕೇ ಕಣ್ಣು ಹಾಕಿದಳು.

“ಹಿಂಗ ನಿಲ್ತಿದ್ದ ನೋಡು! ಒಂದ್ ಕಾಲು ಮಡಚಿ ಇನ್ನೊಂದು ಮಣಕಾಲಿಗೆ ಆನಿಸಿ, ಕೋಲಿನ ಮ್ಯಾಲ ಭಾರ ಹಾಕಿ, ದಿನಗಟ್ಟಲೆ ಕುರಿ ಮುಂದ.”

“ಯವ್ವಾ, ಒಂದ ಕಾಲು ಕಾಣ್ತದಲ್ಲ?” ಎಂದೆ ನಾನು.

“ಎರಡೂ ಅದಾವ ತಮ್ಮಾ. ಇನ್ನೊಂದು ಕಂಬಳಿ ಒಳಗ ಅದ. ನೀ ಎಂದಾರ ಕುರಿ ಕಾದೀಯೇನು?”

“ಮತ್ತ ಮಾರಿ?”

“ಅಡವ್ಯಾಗ ಬುತ್ತಿ ಒಯ್ಯಾಕಿಗೆ ದೂರದಿಂದ ಮಾರಿ ಎಲ್ಲಿ ಕಾಣ್ತದ? ನಿಂತದ್ದು ನೋಡೇ ನನ್ನ ಗಂಡ ಯಾರು, ಮಂದಿ ಗಂಡ ಯಾರು ಅಂತ ತಿಳೀಬೇಕು.” ಆಮೇಲೆ ಮಗನ ಕಡೆ ತಿರುಗಿದಳು. “ಬೀಡಿ ಕಿಡಿ ಬಿದ್ದು ಕಂಬಳಿ ತೂತಾಗಿತ್ತಲ್ಲೋ, ಅದನ್ನ ಯಾಕ ಬಿಟ್ಟಿ?”

ಭೀಮಣ್ಣ ಚೀಟಿ ಕಿತ್ತೆಸೆದು, ಶಾಯಿಯ ಬಾಟಲಿಯನ್ನು ನನ್ನ ಕೈಗಿತ್ತು, ಅವಳು ಬೆರಳಿಟ್ಟಲ್ಲಿ ಒಂದು ಸಣ್ಣ ಸುತ್ತು ಎಳೆದ. ಆ ತೂತು ಎಡಗಡೆಯಿತ್ತೋ ಬಲಗಡೆಯಿತ್ತೋ, ಈಗ ನನಗೆ ನೆನಪಿಲ್ಲ. ಆ ಬೆರಳಿಗೆ ಮಾತ್ರ ಎಳ್ಳಷ್ಟೂ ಸಂಶಯವಿರಲಿಲ್ಲ.