ಕ್ಯಾಸೆಟ್ಟಿನಲ್ಲಿ ಊರಿಗೆ ಹೋದ ಪಂದ್ಯಗಳು

ಊರಿನ ನಮ್ಮ ಕಾಲೇಜು ಫುಟ್‌ಬಾಲ್ ತಂಡವನ್ನೇ ನಿಲ್ಲಿಸಿಬಿಟ್ಟಿತು ಎಂಬ ಸುದ್ದಿ ದೋಹಾಕ್ಕೆ ತಲುಪಿದಾಗ ತೊಂಬತ್ತರ ದಶಕ ಅರ್ಧ ದಾಟಿತ್ತು. ಮೈದಾನದಲ್ಲಿ ಹೊಸ ಕಟ್ಟಡ ಏಳುತ್ತಿದೆಯಂತೆ. ಅಲ್ಲಿಗೆ ಕಾಲೇಜಿನ ಹೆಸರು ಹೇಳಿಕೊಂಡು ಚೆಂಡು ಒದೆಯುವವರು ಉಳಿದದ್ದು ನಾವು ಮಾತ್ರ. ಬೇರೆ ಬೇರೆ ವರ್ಷಗಳಲ್ಲಿ ಅಲ್ಲಿ ಆಡಿ, ಈಗ ಕತಾರಿನ ಅಂಗಡಿ, ಆಫೀಸು, ಗ್ಯಾಸ್ ಪ್ಲಾಂಟುಗಳಲ್ಲಿ ಚದುರಿಹೋಗಿದ್ದ ಹಳೆ ವಿದ್ಯಾರ್ಥಿಗಳು. ಚಳಿಗಾಲದ ಶುಕ್ರವಾರಗಳಂದು ಭಾರತೀಯ ತಂಡಗಳ ಲೀಗ್ ಒಂದು ನಡೆಯುತ್ತಿತ್ತು. ಅದರಲ್ಲಿ ನಾವು ಕಾಲೇಜಿನ ಹೆಸರಲ್ಲೇ ಆಡುತ್ತಿದ್ದೆವು. ಕಾಲೇಜಿನವರ ಅಪ್ಪಣೆಯನ್ನೇನೂ ಕೇಳಿರಲಿಲ್ಲ.

ನನ್ನ ಮೊಣಕಾಲು ಆಗಲೇ ಕೈಕೊಟ್ಟಿತ್ತು. ಬಾಯಿ ಮಾತ್ರ ಗಟ್ಟಿಯಿತ್ತು. ಹಾಗಾಗಿ ವೀಕ್ಷಕ ವಿವರಣೆಯ ಕೆಲಸ ನನಗೆ ಬಂತು. ಕೇಳುಗರು ಒಬ್ಬರೇ: ನಮಗೆಲ್ಲ ಆಟ ಕಲಿಸಿದ ಮಾಸ್ತರರು. ನಿವೃತ್ತರಾದ ಮೇಲೆ ಅವರ ಎರಡೂ ಕಣ್ಣು ಹೋಗಿದ್ದವು. ಗಲ್ಫಿನವರು ಆಗ ಕಾಗದ ಬರೆಯಲು ಸೋಮಾರಿತನ ಬಂದಾಗ ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ತನ್ನ ಹೆಂಡತಿಗೆ ಹೋಗುವ ಕ್ಯಾಸೆಟ್ಟಿನ ಜೊತೆ ಮಾಸ್ತರರಿಗೂ ಒಂದು ಪಂದ್ಯ ಹೋಗಲಿ ಎಂದು ನಮ್ಮ ಗೋಲ್‌ಕೀಪರ್ ಹೇಳಿದ. ನಾನು ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಗೆರೆಯ ಪಕ್ಕ ಕೂತೆ.

ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಪಂದ್ಯ, ಇನ್ನೊಂದು ಬದಿಯಲ್ಲಿ ಅವರ ಉತ್ತರ. ಮೊದಲ ಉತ್ತರದಲ್ಲೇ ನನ್ನ ಮಾನ ಹೋಯಿತು.

"ನಿನ್ನ ವರ್ಣನೆ ಸಾಕು ಮಾರಾಯ. ಸೂರ್ಯ ಯಾವ ಬಣ್ಣದಲ್ಲಿ ಮುಳುಗಿದ್ರೆ ನನಗೆಂತ? ಚೆಂಡು ಯಾರ ಕಾಲಲ್ಲಿ ಉಂಟು, ಅದು ಹೇಳು."

ನನಗೆ ಸಿಟ್ಟು ಬಂತು. ಸಾಹಿತ್ಯ ಓದಿದವನು ನಾನು. ಆದರೆ ಮುಂದಿನ ವಾರದಿಂದ ಸೂರ್ಯನನ್ನು ಅವನ ಪಾಡಿಗೆ ಬಿಟ್ಟೆ. ಮಾಸ್ತರರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಸೆಂಟರ್ ಫಾರ್ವರ್ಡಿಗೆ ಹೊಟ್ಟೆ ಬಂದಿದೆಯೇ, ಲೆಫ್ಟ್ ಬ್ಯಾಕ್ ಯಾಕೆ ಅಷ್ಟು ಮುಂದೆ ಹೋಗುತ್ತಾನೆ ಎಂದೆಲ್ಲ ಊರಿನಿಂದಲೇ ಗದರಿಸುತ್ತಿದ್ದರು. ಮೂವತ್ತು ದಾಟಿದ ಗಂಡಸರು ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ಚಾಪೆಯ ಮೇಲೆ ಕೂತು ಬೈಸಿಕೊಂಡು ಖುಷಿಪಡುತ್ತಿದ್ದರು. ಗೆಲ್ಲತೊಡಗಿದ್ದೂ ಆಗಲೇ.

ಸೆಮಿಫೈನಲಿನ ಉತ್ತರ ಮುಗಿದ ಮೇಲೆ ಟೇಪಿನಲ್ಲಿ ಅವರ ಹೆಂಡತಿಯ ಪಿಸುಮಾತು ಕೇಳಿತು. "ಇವರು ಒಳಗೆ ಹೋದ್ರು, ಅದಕ್ಕೆ ಹೇಳ್ತೇನೆ. ಮೈದಾನ ಅಗೆದ ಮೇಲೆ ಇವರಿಗೆ ಊಟವೇ ಸೇರುವುದಿಲ್ಲ. ನಿಮ್ಮ ಕ್ಯಾಸೆಟ್ ಬಂದ ದಿನ ಮಾತ್ರ ಸರಿಯಾಗಿ ಉಣ್ಣುವುದು. ಕಪ್ಪೊಂದು ನೀವು ಗೆದ್ರೆ ಒಳ್ಳೇದಿತ್ತು."

ಫೈನಲಿನಲ್ಲಿ ನಾವು ಸೋತೆವು. ಲೆಫ್ಟ್ ಬ್ಯಾಕ್ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟ ಕಣ್ಣಲ್ಲೇ ಆಡಿದ್ದ. ಆಟ ಮುಗಿಯುತ್ತ ಬಂದಾಗ ಗೋಲ್‌ಕೀಪರಿನ ಕಡೆಗೆ ತಳ್ಳಿದ ಚೆಂಡು ಅರ್ಧದಲ್ಲೇ ನಿಂತಿತು. ಎದುರಾಳಿ ಬಂದು ಗೋಲಿನೊಳಕ್ಕೆ ಒದ್ದ. ಅಷ್ಟೇ. ಲೆಫ್ಟ್ ಬ್ಯಾಕ್ ಮರಳಿನ ಮೇಲೆ ಕುಕ್ಕರಿಸಿದವನು ಏಳಲೇ ಇಲ್ಲ.

ಈ ಕ್ಯಾಸೆಟ್ ಕಳಿಸುವುದು ಹೇಗೆ? ಗೆದ್ದ ಪಂದ್ಯವೊಂದನ್ನು ನಾವೇ ತಯಾರಿಸೋಣ ಎಂದ ಗೋಲ್‌ಕೀಪರ್. ಮರುದಿನ ಸಂಜೆ ಫ್ಲಾಟಿನಲ್ಲಿ ಕಿಟಕಿ ಮುಚ್ಚಿ ಕೂತೆವು. "ಯಲ್ಲಾ, ಬೇಗ ಬೇಗ, ಈಗ ಗೋಲು, ಎಲ್ಲರೂ ಬೊಬ್ಬೆ ಹಾಕಿ" ಎಂದು ನಾನು ಕೈಸನ್ನೆ ಮಾಡುತ್ತಿದ್ದೆ. ಆ ಆಗದ ಗೋಲನ್ನು ಯಾರು ಹೊಡೆದದ್ದೆಂದು ಇಬ್ಬರು ಫಾರ್ವರ್ಡುಗಳು ನಿಜವಾಗಿಯೇ ಕಚ್ಚಾಡಿದರು. ಏನೋ ಹೊಡೆದಾಟ ಎಂದು ಪಕ್ಕದ ಮನೆಯ ಮಲಯಾಳಿ ಬಂದು ಬಾಗಿಲು ಬಡಿದ. ಲೆಫ್ಟ್ ಬ್ಯಾಕ್ ಮಾತ್ರ ಅಡುಗೆಮನೆಯಲ್ಲಿ ಸುಮ್ಮನೆ ಈರುಳ್ಳಿ ಹೆಚ್ಚುತ್ತಿದ್ದ.

ಉತ್ತರ ಬರಲು ಕೆಲವು ವಾರ ಹಿಡಿಯಿತು. ಎಲ್ಲರೂ ಸೇರಿದ ಮೇಲೆ ಹಾಕಿದೆವು. ಮಾಸ್ತರರು ಮೊದಲು ಕೆಮ್ಮಿದರು.

"ಮಕ್ಕಳೇ, ಇದು ಎಂಥ ಫೈನಲ್? ಯಾರೂ ಓಡುವುದು ಕೇಳುವುದಿಲ್ಲ. ಒಂದು ಫ್ರಿಜ್ಜು ಗುಂಯ್ ಅಂತ ಉಂಟು. ಮತ್ತೆ ಲೆಫ್ಟ್ ಬ್ಯಾಕ್ ಎಲ್ಲಿ? ಇಡೀ ಆಟದಲ್ಲಿ ಅವನ ಸ್ವರವೇ ಇಲ್ಲ. ಅವನಿಂದ ಸೋತದ್ದಾ? ಸೋತ ಆಟವನ್ನು ಕಳಿಸಿ. ಗೆದ್ದ ಆಟದಲ್ಲಿ ನನಗೆ ಕೆಲಸ ಎಂತ ಉಂಟು?"

ಕ್ಯಾಪ್ಟನ್ ತಲೆ ತಗ್ಗಿಸಿದ. ನಾನು ಟೇಪ್ ನಿಲ್ಲಿಸಿದೆ. ಅವರಿಗೆ ಕಪ್ಪು ಬೇಕಾಗಿದೆ ಎಂದು ನಾವು ತಿಳಿದಿದ್ದೆವು.

ಗೋಡೆಗೆ ಒರಗಿ ಕೂತಿದ್ದ ಲೆಫ್ಟ್ ಬ್ಯಾಕ್ ಎದ್ದು ಬಂದ. ಕಪಾಟಿನಿಂದ ನಿಜವಾದ ಫೈನಲಿನ ಕ್ಯಾಸೆಟ್ಟನ್ನು ಹುಡುಕಿ ತೆಗೆದು, ಮಾಸ್ತರರಿಗೆಂದು ಖಾಲಿ ಬಿಟ್ಟಿದ್ದ ಬದಿಯನ್ನು ತಿರುಗಿಸಿ ಹಾಕಿ, ಕೆಂಪು ಗುಂಡಿ ಒತ್ತಿದ.

"ಸರ್, ನಾನು ಲೆಫ್ಟ್ ಬ್ಯಾಕ್" ಎಂದ. "ಆ ಗೋಲು ನನ್ನಿಂದ ಆದದ್ದು. ನಾನಲ್ಲಿ ಎಂತ ಮಾಡ್ಬೇಕಿತ್ತು, ಹೇಳಿಕೊಡಿ."