ನೆವೆಂಕಾ ಮುಚ್ಚಿದ ಕಿಟಕಿ

ನೆವೆಂಕಾ ಯುರ್ದಾನ ಹೋಟೆಲ್ ಸ್ಪೆರಾನ್ಸದ ಒಡತಿ ಎಂದೇ ನಾನು ಎರಡು ವರ್ಷ ನಂಬಿಕೊಂಡಿದ್ದೆ. ದುಡ್ಡು ಕೊಟ್ಟು ಉಳಿದುಕೊಂಡ ಅತಿಥಿ ತಾನೇ ಎದ್ದುಹೋಗಿ ತೆರೆದ ಕಿಟಕಿಯನ್ನು ಅವನ ಕಣ್ಣೆದುರೇ ಮುಚ್ಚಿ ಹೋಗುವ ಹೆಂಗಸು ಸಂಬಳದ ಆಳು ಹೇಗಾದಾಳು? ಆಮೇಲೆ ತಿಳಿಯಿತು, ಒಡೆತನ ವಿಯೆನ್ನಾದ ಯಾವುದೋ ಕಂಪನಿಯದು, ನೆವೆಂಕಾ ಬರೀ ಭೋಜನಶಾಲೆಯ ಮುಖ್ಯಸ್ಥೆ.

ಬರೀ ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಒಪಾತಿಯ ಎಂಬ ಊರಿನ ಕಡಲಂಚಿನ ಆ ಹೋಟೆಲಿಗೆ ಹತ್ತೊಂಬತ್ತಕ್ಕೆ ತಟ್ಟೆ ತೊಳೆಯಲು ಸೇರಿದವಳು, ಅರವತ್ತೆರಡಕ್ಕೆ ಇಪ್ಪತ್ತೆಂಟು ಮೇಜುಗಳನ್ನು ಆಳುತ್ತಿದ್ದಳು. ಅಕ್ಟೋಬರಿಗೆ ನಿವೃತ್ತಿ. ಅಲ್ಲಿಯವರೆಗೆ ಇಸ್ತ್ರಿ ಮಾಡಿದ ಕಪ್ಪು ಉಡುಪಿನಲ್ಲಿ ಆ ಭೋಜನಶಾಲೆಯ ನಡುವೆಯೇ ನಿಂತಿದ್ದು, ಅಲ್ಲಿಂದಲೇ ಮನೆಗೆ ಹೋಗಬೇಕು. ಅವಳು ಬೇಡಿದ್ದು ಅಷ್ಟೇ.

ಅಡ್ಡ ಬಂದದ್ದು ಒಂಬತ್ತನೇ ಮೇಜು. ಗ್ರಾಜ್ ಊರಿನ ಪಿಕ್ಲರ್ ಸಾಹೇಬರು ನಿವೃತ್ತ ಅಧಿಕಾರಿ, ಸರ್ಕಾರ ಕೊಟ್ಟ ಹೋಫ್ರಾಟ್ ಎಂಬ ಬಿರುದನ್ನು ಈಜುವಾಗಲೂ ಬಿಟ್ಟಿರುತ್ತಿರಲಿಲ್ಲ. ಹೆಂಡತಿ ಕೂಡ ಅವರನ್ನು ಹಾಗೆಯೇ ಕರೆಯುತ್ತಿದ್ದರು. ದಿನಾ ಬೆಳಿಗ್ಗೆ ಅವರು ಕಡಲ ಕಡೆಯ ಕಿಟಕಿ ತೆರೆಯುತ್ತಿದ್ದರು. ಎದುರಿನ ರಸ್ತೆ ಕಡೆಯ ಕಿಟಕಿ ಮೊದಲೇ ತೆರೆದಿರುತ್ತಿತ್ತು. ಒಂದು ಕಿಟಕಿ ತೆರೆದರೆ ಗಾಳಿ. ಎದುರುಬದುರು ಎರಡು ತೆರೆದರೆ ಅದು ಪ್ರೋಪುಹ್. ನಮ್ಮ ಕಡೆ ಕುತ್ತಿಗೆ ಹಿಡಿಯುವುದು, ಕಿವಿ ನೋವು, ಸೊಂಟ ನೋವು, ಅರ್ಧ ಸಾವುಗಳು ಅದರಿಂದಲೇ. ಇದನ್ನು ಡಾಕ್ಟರುಗಳೂ ಅಲ್ಲಗಳೆಯುವುದಿಲ್ಲ, ಅವರಿಗೂ ಅಮ್ಮಂದಿರಿದ್ದಾರೆ. ಸಾಹೇಬರು ತೆರೆದರು, ನೆವೆಂಕಾ ಮುಚ್ಚಿದಳು. ಮೂರು ದಿನ ಇದೇ ಆಯಿತು. ನಾಲ್ಕನೇ ದಿನ ಇಂಟರ್ನೆಟ್ಟಿನಲ್ಲಿ ಅವರ ಅಭಿಪ್ರಾಯ ಬಂತು: 'ಕೋಣೆ ಸೊಗಸು. ಹಾಸಿಗೆ ಮೆತ್ತಗೆ. ಮೀನು ತಾಜಾ. ಉಸಿರಾಡಲು ಮಾತ್ರ ಅಪ್ಪಣೆ ಬೇಕು. ಎರಡು ನಕ್ಷತ್ರ.'

ಮ್ಯಾನೇಜರ್ ತಿಹೋಮಿರ್ ಅವಳನ್ನು ಕರೆಸಿಕೊಂಡ.

"ಚಿಕ್ಕಮ್ಮ, ವಿಯೆನ್ನಾದಿಂದ ಫೋನ್ ಬಂದಿತ್ತು. ಇನ್ನೊಂದು ದೂರು ಬಂದ್ರೆ ನಿಮ್ಮನ್ನ ನೆಲಮಾಳಿಗೆಗೆ ಕಳಿಸ್ಬೇಕಂತೆ."

"ಅಲ್ಲೇನು ಮಾಡ್ಲಿ?"

"ಚಾದರ ಮಡಚೋದು."

"ನಲವತ್ಮೂರು ವರ್ಷ ದುಡಿದು ಕೊನೇಗೆ ನೆಲಮಾಳಿಗೆ. ಅಲ್ವೋ, ಆ ಮನುಷ್ಯನ ಕುತ್ತಿಗೆ ಹಿಡ್ಕೊಳ್ಳತ್ತೆ ಕಣೋ."

"ಕುತ್ತಿಗೆ ಅವರದು ಚಿಕ್ಕಮ್ಮ, ನಕ್ಷತ್ರ ನಮ್ಮದು. ಅತಿಥಿ ತೆರೆದ ಕಿಟಕಿ ಮುಟ್ಟಬೇಡಿ."

"ನಿಮ್ಮಮ್ಮ ನಿನ್ನನ್ನ ಹೀಗೆ ಗಾಳಿಗೆ ಕೂರಿಸಿದ್ಲಾ?"

ಈ ಮಾತು ಶುರುಮಾಡುವ ಮೊದಲು ತಿಹೋಮಿರ್ ತಾನೇ ಎದ್ದು ತನ್ನ ಕಚೇರಿಯ ಕಿಟಕಿ ಮುಚ್ಚಿ ಬಂದಿದ್ದ.

ಮರುದಿನ ಬೆಟ್ಟದಿಂದ ಬೂರ ಎಂಬ ಕೊರೆಯುವ ಚಳಿಗಾಳಿ ಇಳಿಯಿತು. ಸಾಹೇಬರು ಕಡಲ ಕಿಟಕಿ ತೆರೆದರು. ನೆವೆಂಕಾ ಮುಟ್ಟಲಿಲ್ಲ. ಕೈಯೊರೆಸುವ ಕಾಗದಗಳು ಹಾರಿದವು. ಜಾಗ್ರೆಬಿನಿಂದ ಬಂದಿದ್ದ ಇಬ್ಬರು ಹೆಂಗಸರು ಕುತ್ತಿಗೆಗೆ ಶಾಲು ಸುತ್ತಿಕೊಂಡು, ಕಾಫಿ ಎತ್ತಿಕೊಂಡು ಮೊಗಸಾಲೆಗೆ ಓಡಿದರು. ಸಾಹೇಬರು ಮಾತ್ರ ಎದೆಯುಬ್ಬಿಸಿ ಪಕ್ಕದ ಮೇಜಿನವರಿಗೆ ಆಮ್ಲಜನಕದ ಬಗ್ಗೆ ಉಪನ್ಯಾಸ ಕೊಟ್ಟರು. ನೆವೆಂಕಾ ಗೋಡೆಗೆ ಒರಗಿ, ಮಂಜುಗಟ್ಟಿದ ತಿರುವಿನಲ್ಲಿ ಬಸ್ಸು ಜಾರುವುದನ್ನು ನೋಡುವವಳ ಹಾಗೆ ನೋಡುತ್ತಾ ನಿಂತಳು.

ಮರುದಿನ ಸಾಹೇಬರ ಗದ್ದ ಬಲ ಭುಜದ ಕಡೆಗೆ ನಿಂತುಬಿಟ್ಟಿತ್ತು. ಮಧ್ಯಾಹ್ನದೊಳಗೆ ಎರಡನೇ ದೂರು: 'ಅಪಾಯ ಗೊತ್ತಿದ್ದೂ ಸಿಬ್ಬಂದಿ ಎಚ್ಚರಿಸಲಿಲ್ಲ. ಒಂದು ನಕ್ಷತ್ರ.'

"ಹೋಗಿ ಕ್ಷಮೆ ಕೇಳಿಬಿಡಿ ಚಿಕ್ಕಮ್ಮ," ತಿಹೋಮಿರ್ ಅಂಗಲಾಚಿದ. "ದೂರು ವಾಪಸ್ ತಗೋತೀನಿ ಅಂದಿದಾರೆ. ಅಕ್ಟೋಬರ್‌ವರೆಗೂ ಭೋಜನಶಾಲೆ ನಿಮ್ಮದೇ."

"ಯಾವುದಕ್ಕೆ ಕ್ಷಮೆ? ಮುಚ್ಚಿದ್ದಕ್ಕೋ, ತೆರೆದಿಟ್ಟಿದ್ದಕ್ಕೋ?"

"ಎರಡಕ್ಕೂ ಸೇರಿಸಿ ಕೇಳಿ."

ಆ ಸಂಜೆ ಊಟದ ಹೊತ್ತಿಗೆ ನೆವೆಂಕಾ ಒಂಬತ್ತನೇ ಮೇಜಿನ ಮುಂದೆ ಹೋಗಿ ನಿಂತಳು. ಎರಡು ಹೆಜ್ಜೆ ಹಿಂದೆ ತಿಹೋಮಿರ್. ಹಲ್ಲು ಕಚ್ಚಿಕೊಂಡೇ ಹೇಳಿದಳು: "ಹೋಫ್ರಾಟ್ ಅವರೇ, ತಪ್ಪಾಯ್ತು."

ಸಾಹೇಬರು ರಾಜರ ಹಾಗೆ ಕೈಯೆತ್ತಿದರು. "ಆಯ್ತಮ್ಮ, ಮನ್ನಿಸಿದೀನಿ. ನಾನು ದೊಡ್ಡ ಮನಸ್ಸಿನವನು."

ತಿಹೋಮಿರ್ ಉಸಿರು ಬಿಟ್ಟ. ಅಲ್ಲಿಗೆ ಮುಗಿದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಮನ್ನಿಸಿದ ಖುಷಿಯಲ್ಲಿ ಸಾಹೇಬರಿಗೆ ಇನ್ನೊಂದು ಮಾತು ನೆನಪಾಯಿತು.

"ನೋಡಿ, ಕಡಲು ನನ್ನ ಎಡಕ್ಕಿದೆ, ಕುತ್ತಿಗೆ ಬಲಕ್ಕೆ ನಿಂತಿದೆ. ನಾನು ಕಡಲು ನೋಡೋಕೆ ಅಂತಲೇ ಬರೋನು. ಇಷ್ಟು ದೊಡ್ಡ ಹೋಟೆಲಲ್ಲಿ, ಕುತ್ತಿಗೆ ತಿರುಗಿಸದೆ ಕಡಲು ಕಾಣೋ ಹಾಗೆ ಏನೂ ವ್ಯವಸ್ಥೆ ಇಲ್ವಾ?"

ನೆವೆಂಕಾ ತಿಹೋಮಿರ್ ಕಡೆ ನೋಡಿದಳು. ಅವನು ಬೇಡ, ಬೇಡ ಎಂದು ಮೆಲ್ಲಗೆ ತಲೆಯಾಡಿಸುತ್ತಿದ್ದ. ಅವಳಿಗೆ ನೆಲಮಾಳಿಗೆಯೂ ಕಂಡಿತು, ಚಾದರಗಳೂ ಕಂಡವು.

"ಇದೆ," ಎಂದಳು. "ಎದ್ದು ನಿಂತು ಕುರ್ಚಿ ತಿರುಗಿಸ್ಕೊಳ್ಳಿ."